ಜಟ್ಟಿಂಗಪ್ಪನವರ ಹನ್ನೊಂದು ನಿಮಿಷ

ಸಾಗರದ ಪೇಟೆಗೆ ಇನ್ನೂ ಬೆಳಕು ಹತ್ತಿಲ್ಲ. ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಜಟ್ಟಿಂಗಪ್ಪನವರು ವಾಟೆ ಬಿದಿರಿನ ಸೀಳೊಂದನ್ನು ಗಾಜಿನ ಚೂರಿನಿಂದ ಹೆರೆಯುತ್ತಾರೆ, ಬೆಂಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಹೆರೆಯುತ್ತಾರೆ. ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ರೀಡು ಬೊಂಬಾಯಿಂದ ಬರಬೇಕು, ಬರುವುದು ಅಪರೂಪ. ಹಾಗಾಗಿ ಅವರು ನಮ್ಮ ಕಾಡಿನ ಬಿದಿರಿಗೇ ಇಂಗ್ಲಿಷ್ ಕಲಿಸಿದ್ದಾರೆ.

"ಒಂದು ಮದ್ವೆಗೆ ಎರಡು ಬೇಕು. ಒಂದು ಹೆಣ್ಣಿನ ಕಡೇದು, ಒಂದು ಗಂಡಿನ ಕಡೇದು ಅಂದ್ಕಳಿ," ಎಂದು ನಗಲು ಹೋಗಿ ಕೆಮ್ಮುತ್ತಾರೆ.

"ಬಸ್ಸು ನಿಮ್ಮ ಪೀಪಿಗೆ ಕಾಯಲ್ಲ, ಏಳಿ," ಎಂದು ಒಳಗಿನಿಂದ ಹೆಂಡತಿ ಗುತ್ಯಮ್ಮ ಕೂಗುತ್ತಾರೆ.

ಐವತ್ತೊಂದು ವರ್ಷದ ಜಟ್ಟಿಂಗಪ್ಪನವರದು ವಾಲಗದ ಮನೆ. ಹರೆಯದಲ್ಲಿ ಜೋಗದ ವಿದ್ಯುತ್ ಕೆಲಸಕ್ಕೆ ಕಲ್ಲು ಹೊರಲು ಹೋದವರಿಗೆ ಅಲ್ಲಿನ ಸಾಹೇಬರ ಬಂಗಲೆಯ ಹಿತ್ತಲಲ್ಲಿ ಗ್ರಾಮಫೋನಿನ ಜಾಝ್ ಕಿವಿಗೆ ಬಿತ್ತು. "ನಮ್ಮಪ್ಪ ಒಂದು ಸ್ವರ ಹಿಡ್ಕಂಡು ಹ್ಯಾಗೆ ಎಳೀತಿದ್ನೋ, ಅವರೂ ಹಂಗೇ ಎಳೀತಿದ್ರು. ಓಹೋ, ಇವ್ರು ನಮಗೆ ನೆಂಟ್ರೇ ಅಂದ್ಕಂಡೆ." ಶಿವಮೊಗ್ಗದ ಮುಚ್ಚಿಹೋದ ಬ್ಯಾಂಡ್ ಸೆಟ್ಟೊಂದರ ಹಳೇ ಸ್ಯಾಕ್ಸೊಫೋನು ಆಮೇಲೆ ಕೈಗೆ ಬಂತು. ಬೆರಳು ಕೂರಿಸಲು ಮೂರು ವರ್ಷ ಹಿಡಿಯಿತು.

ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿ ವರ್ಷಕ್ಕೆ ನಲವತ್ತು ಮದುವೆ. ಒಂದೊಂದರಲ್ಲೂ ಆರು ತಾಸು ಊದಬೇಕು. ಕೆಳದುಟಿ ಒಳಗಡೆ ಚಕ್ಕಳವಾಗಿದೆ, ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ. "ಇದು ಬಿದ್ದ ದಿನ ನಾನೂ ಬಿದ್ದಂಗೆ," ಎನ್ನುತ್ತಾರೆ. ಅದು ಬೀಳುವ ಮೊದಲು ಅವರಿಗೆ ಆಗಬೇಕಾದದ್ದು ಒಂದೇ ಕೆಲಸ.

ಅವರೇ ಕಟ್ಟಿದ ಹನ್ನೊಂದು ನಿಮಿಷದ ಕೃತಿಯೊಂದಿದೆ. ಹೆಸರಿಲ್ಲ, ಕೇಳಿದರೆ "ನಂದು" ಎನ್ನುತ್ತಾರೆ. ರಾಗ ಹಿಂದೋಳ, ನಡಿಗೆ ಜಾಝಿನದು. ಸ್ವರಗಳು ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬರುತ್ತವೆ, ಹಿಂದೋಳ ನಿಜಕ್ಕೂ ಹಿಂದೆ ಹಿಂದೆಯೇ ಬರುತ್ತದೆ. ಹನ್ನೆರಡು ವರ್ಷದಿಂದ ನುಡಿಸುತ್ತಿದ್ದರೂ ಸಭೆಯಲ್ಲಿ ಅದು ಒಮ್ಮೆಯೂ ಮುಗಿದಿಲ್ಲ. ಪುರೋಹಿತರು ಬೆರಳೆತ್ತಿದರೆ ಯಾವ ರಾಗವೇ ಇರಲಿ, ಅಲ್ಲೇ ಬಿಟ್ಟು ಗಟ್ಟಿಮೇಳ ಬಾರಿಸಬೇಕು. ತಾಳಿ ಕಟ್ಟುವ ಹೊತ್ತಿಗೆ ಒಂದು ಸೀನು, ಒಂದು ಅಳು ಕೂಡ ಕೇಳಬಾರದಲ್ಲ. ಪೂರ್ತಿ ಕೇಳಿದವರು ಗುತ್ಯಮ್ಮ ಒಬ್ಬರೇ. "ಅದು ಮುಗಿಯೋ ಹೊತ್ತಿಗೆ ಸರಿಯಾಗಿ ನಾನು ಅನ್ನದ ಗಂಜಿ ಬಸಿಯದು," ಎನ್ನುತ್ತಾರೆ ಅವರು.

ಇವತ್ತಿನ ಮದುವೆ ತೀರ್ಥಹಳ್ಳಿಯಲ್ಲಿ. ಮದುಮಗಳು ಮನೋರಮಾ ಕಾಲೇಜು ಓದಿದವಳು. ಅಕ್ಕನ ಮದುವೆಯಲ್ಲಿ ಆ ಕೃತಿಯನ್ನು ಅರ್ಧ ಕೇಳಿದ್ದವಳು ಈ ಸಲ ಪೂರ್ತಿ ಆಗಲೇಬೇಕೆಂದು ಭಟ್ಟರಿಗೆ ಮೊದಲೇ ಹೇಳಿಟ್ಟಿದ್ದಾಳೆ. ಬಸ್ಸಿನಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆ ತೊಡೆಯ ಮೇಲೇರುತ್ತದೆ.

"ಕೂಸಿಗೆ ಟಿಕೆಟ್ ತಗಳಲ್ವಾ ಜಟ್ಟಿಂಗಪ್ಪಣ್ಣ?" ಎಂದು ಕಂಡಕ್ಟರು ಕೆಣಕುತ್ತಾನೆ.

"ಮಲಗೈತೆ. ಎಬ್ಸಿದ್ರೆ ನಿನ್ನ ಹಾರನ್ನಿಗಿಂತ ಜೋರಾಗಿ ಕೂಗುತ್ತೆ ನೋಡು."

ಪಕ್ಕದಲ್ಲಿ ಡೋಲಿನ ಚಂದ್ರಯ್ಯ ತೂಕಡಿಸುತ್ತಿದ್ದಾರೆ. ನಿನ್ನೆ ಆನಂದಪುರ, ಇವತ್ತು ತೀರ್ಥಹಳ್ಳಿ, ನಾಡಿದ್ದು ಹೊಸನಗರ. ತಿಂಗಳಿಂದ ಇಬ್ಬರ ನಿದ್ದೆಯೂ ಬಸ್ಸಿನಲ್ಲೇ.

ಚಪ್ಪರದಲ್ಲಿ ಭಟ್ಟರು ಕರೆದು ಹೇಳುತ್ತಾರೆ: "ಲಗ್ನ ಕೂಡ್ಲಿಕ್ಕೆ ಇನ್ನೂ ಕಾಲು ಗಂಟೆ ಇದೆ ಮಾರಾಯ. ನುಡಿಸು, ನಾನು ಬೆರಳೆತ್ತೋದಿಲ್ಲ."

ಜಟ್ಟಿಂಗಪ್ಪನವರು ಕಣ್ಣು ಮುಚ್ಚಿ ಶುರು ಮಾಡುತ್ತಾರೆ. ನಾಲ್ಕನೆಯ ನಿಮಿಷಕ್ಕೆ ಎಲೆ ಅಡಿಕೆಯ ತಟ್ಟೆಗಳು ಓಡಾಡುವುದು ನಿಲ್ಲುತ್ತದೆ. ಆರನೆಯದಕ್ಕೆ ಮನೋರಮಾಳ ಬಾಸಿಂಗ ತೂಗತೊಡಗುತ್ತದೆ. ಎಂಟನೆಯದರಲ್ಲಿ, ಕಷ್ಟದ ತಿರುವೊಂದನ್ನು ಏರಿ ಇಳಿದು ತಾಳದ ಸಮಕ್ಕೆ ಬಂದು ಕೂರುತ್ತಿದ್ದಂತೆ, ಭಟ್ಟರ ಬಲಗೈ ತಾನಾಗಿ ಮೇಲೇಳುತ್ತದೆ. ತೋರುಬೆರಳು ಭೇಷ್ ಎನ್ನುತ್ತದೆ.

ಚಂದ್ರಯ್ಯನವರಿಗೆ ಕಂಡದ್ದು ಬೆರಳು ಮಾತ್ರ. ಡೋಲು ಸಿಡಿಯುತ್ತದೆ. ಜಟ್ಟಿಂಗಪ್ಪನವರು ಕಣ್ಣು ತೆರೆಯುವುದರೊಳಗೆ ಅವರ ತುಟಿಯೇ ಹಿಂದೋಳವನ್ನು ಬಿಟ್ಟು ಗಟ್ಟಿಮೇಳಕ್ಕೆ ಹಾರಿದೆ. ಮುನ್ನೂರು ಕೈಗಳಿಂದ ಅಕ್ಷತೆ ಬಿದ್ದಾಗಿದೆ. ಗಾಬರಿಯಾದ ಮದುಮಗ ತಾಳಿ ಹಿಡಿದುಕೊಂಡು ಭಟ್ಟರ ಮುಖ ನೋಡುತ್ತಾನೆ. ಭಟ್ಟರು ಗಡಿಯಾರ ನೋಡುತ್ತಾರೆ, ಇನ್ನೂ ಆರೇಳು ನಿಮಿಷ ಇದೆ. "ಲಗ್ನ ಈಗಷ್ಟೇ ಕೂಡಿತು. ಕಟ್ಟು ಮಾರಾಯ, ಕಟ್ಟು!"

ಊಟದ ಹೊತ್ತಿಗೆ ಚಂದ್ರಯ್ಯನವರ ಮುಖ ಸಣ್ಣದಾಗಿದೆ. "ಬೆರಳು ಕಂಡ್ರೆ ಕೈ ತಡ್ಯಲ್ಲ ಅಣ್ಣ. ಉಳಿದ ಮೂರು ನಿಮಿಷ ಈಗ ಬಾರ್ಸಣ?"

"ಅನ್ನದ ಮೇಲೆ ಬಡ್ಸೋಕೆ ಅದೆಂತ ಹುಳಿಯಾ? ಸುಮ್ನೆ ಉಣ್ಣು. ನನ್ನ ಬಾಯೂ ನನ್ನ ಮಾತು ಕೇಳ್ಲಿಲ್ಲ."

ಜಟ್ಟಿಂಗಪ್ಪನವರಿಗೆ ಅನ್ನ ಸೇರದು. ರೀಡು ಬಿಚ್ಚಿ, ಒರೆಸಿ, ಕಂಬಕ್ಕೊರಗುತ್ತಾರೆ. ಅಲ್ಲಿಗೆ ಭಟ್ಟರೇ ಬಂದು ನಿಲ್ಲುತ್ತಾರೆ. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬಾರದು. ಶಲ್ಯ ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: "ಜಟ್ಟಿಂಗಪ್ಪ, ಆಮೇಲೆ ಎಂತ ಇತ್ತೋ?"

ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. ಜಟ್ಟಿಂಗಪ್ಪನವರು ಎದ್ದು ನಿಲ್ಲುತ್ತಾರೆ.

"ಬಾಯಲ್ಲಿ ಹೇಳಕ್ಕಾಗಲ್ಲ ಭಟ್ರೆ, ಮೊದ್ಲಿಂದ್ಲೇ ಬಾರಿಸ್ಬೇಕು. ನಾಡಿದ್ದು ಹೊಸನಗರಕ್ಕೂ ನೀವೇ ಬರದಲ್ವಾ? ಖುಷಿ ಆದ್ರೆ ತಲೆ ಆಡ್ಸಿ. ಬೇಕಾದ್ರೆ ಅತ್ಬಿಡಿ. ಕೈ ಮಾತ್ರ ಶಲ್ಯದೊಳಗೇ ಇರ್ಲಿ."