ಮೊದಲ ಸೇರಿಗೆ ಒಂದು ಅನ್ನುವುದಿಲ್ಲ

ಇವತ್ತು ಬೆಳಿಗ್ಗೆ ನಮ್ಮ ಓಣಿಯ ಮುದುಕಿ ನೀಲವ್ವಾಯಿಗೆ ಜೋಳ ಅಳೆಯಲು ಮೊದಲ ಸೇರು ಎತ್ತಿದವನು ಹಾಗೆಯೇ ನಿಂತುಬಿಟ್ಟೆ. ಹೊಸ ಜೋಳದ ದೂಳು ಮೂಗಿಗೆ ಬಡಿಯುತ್ತಿತ್ತು, ಸೇರಿನ ಅಂಚಿನಿಂದ ಕಾಳು ಉದುರುತ್ತಿದ್ದವು, ಬಾಯಿಗೆ ಬರಬೇಕಾದ ಮಾತು ಮಾತ್ರ ಬರಲಿಲ್ಲ. ನೀವು ನಮ್ಮ ಕಡೆಯವರಾದರೆ ಆ ಮಾತು ಯಾವುದೆಂದು ಗೊತ್ತಿರುತ್ತದೆ. ಇಲ್ಲವಾದರೆ ಕೇಳಿ: ನವಲಗುಂದದ ಈ ಕಪ್ಪು ಎರಿ ಮಣ್ಣಿನ ಸೀಮೆಯಲ್ಲಿ ಕಾಳು ಅಳೆಯುವವರು ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತೇವೆ. ಆಮೇಲೆ ಎರಡು, ಮೂರು. ಅದೂ ಗಟ್ಟಿಯಾಗಿ. ಬಾಯಿ ಮುಚ್ಚಿಕೊಂಡು ಅಳೆಯುವವನನ್ನು ಇಲ್ಲಿ ಯಾರೂ ನಂಬುವುದಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಹಿಟ್ಟಿನ ಗಿರಣಿ, ಪಕ್ಕದಲ್ಲಿ ಕಾಳಿನ ಅಂಗಡಿ, ಎರಡನ್ನೂ ಈ ರಟ್ಟೆಯಿಂದಲೇ ಎಬ್ಬಿಸಿದ್ದೇನೆ. ನನ್ನ ಮದುವೆಯ ದಿನವೂ ಗಿರಣಿ ನಿಲ್ಲಲಿಲ್ಲ. ನನ್ನ ತಮ್ಮ ಮದುವೆ ಊಟ ಬಿಟ್ಟು ಅದನ್ನು ನಡೆಸಿದ್ದ. ಅಂಥ ಗಿರಣಿಯನ್ನು ಹಾಡುಹಗಲು ನಿಲ್ಲಿಸಿದ್ದು ಅಕ್ಕನ ಮಗಳು ಗಿರಿಜಾಳ ಸಲುವಾಗಿ.

ಕೆಲ ವರ್ಷಗಳ ಹಿಂದಿನ ಮಾತು. ಅವಳು ಇಂಜಿನಿಯರಿಂಗ್ ಮುಗಿಸಿದ್ದಳು. ಸಾಫ್ಟ್‌ವೇರ್ ಕಂಪನಿಯ ಸಂದರ್ಶನವೆಂದರೆ ಹೆಸರು, ಊರು, ಮಾರ್ಕ್ಸ್ ಕಾರ್ಡು, ಅಷ್ಟೇ ಎಂದು ನಾನು ತಿಳಿದಿದ್ದೆ. ಅದು ಕುಸ್ತಿಯ ಹಾಗೆ ಸುತ್ತಿನ ಮೇಲೆ ಸುತ್ತು. ಎರಡು ಕಂಪನಿಗಳು ಕೊನೆಯ ಸುತ್ತಿನಲ್ಲಿ ಅವಳನ್ನು ಬೇಡ ಅಂದಿದ್ದವು. ಮೂರನೆಯದರ ಕೊನೆಯ ಸುತ್ತು ಲ್ಯಾಪ್‌ಟಾಪಿನಲ್ಲೇ ನಡೆಯುವುದಿತ್ತು.

“ಉತ್ತರ ಬರಲಿಲ್ಲೇನ?” ಎಂದೆ.

“ಉತ್ತರ ಬರೋಬ್ಬರಿ ಇತ್ತು ಮಾಮಾ. ಮನಸಿನ್ಯಾಗ ಏನ್ ನಡದೈತಿ ಅನ್ನೂದನ್ನ ಬಾಯಿಬಿಟ್ಟು ಹೇಳ್ಕೊಂತ ಹೋಗ್ಬೇಕಂತ. ನಾ ಸುಮ್ನ ಕುಂತು ಬಿಡಿಸಿದೆ.”

“ಒಬ್ಬಾಕಿನ ವಟಾ ವಟಾ ಅಂದ್ರ ಹುಚ್ಚಿ ಅಂತಾರಲೇ!”

“ಅಲ್ಲಿ ಅನಲಿಲ್ಲಂದ್ರ ದಡ್ಡಿ ಅಂತಾರ. ಇದೂ ಹೋತಂದ್ರ ಹೊಲಿಗಿ ಮಷೀನ್ ಹಿಡದು ಕುಂದ್ರತೀನಿ, ನೋಡು.”

ನನಗೆ ಸೋಜಿಗವಾಯಿತು. ನಮ್ಮ ಮಾಸ್ತರರು ‘ಈ ಉತ್ತರ ಹೆಂಗ ಬಂತು?’ ಎಂದರೆ ಬಾಜೂದವನ ಪಾಟಿ ನೋಡಿ ಬರೆದಿದ್ದೀ ಎಂದರ್ಥ, ಮುಂದಿನದು ಬೆತ್ತ. ಉತ್ತರಕ್ಕಿಂತ ಅದು ಬಂದ ದಾರಿಯನ್ನು ಕೇಳಲು ಒಬ್ಬ ಮನುಷ್ಯ ಕಾದು ಕೂತಿರುತ್ತಾನೆ ಎಂದರೆ!

ಫೋನಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದು ನಮ್ಮ ಗಿರಣಿಯ ಹಿಂದಿನ ಕೋಣೆಯಲ್ಲಿ. ಲ್ಯಾಪ್‌ಟಾಪನ್ನು ಕಡಲೆ ಚೀಲದ ಮೇಲಿಟ್ಟುಕೊಂಡು ಅವಳು ಬಾಗಿಲು ಹಾಕಿಕೊಂಡಳು. ನಾನು ಗಿರಣಿ ಬಂದ್ ಮಾಡಿ ಹೊರಗೆ ಕಾವಲು ನಿಂತೆ. ನೀಲವ್ವಾಯಿ ಡಬ್ಬಿ ಹೊತ್ತು ಬಂದಳು.

“ಕರೆಂಟ್ ಇಲ್ಲೇನೋ?”

“ಐತಿ.”

“ಬೆಲ್ಟ್ ಹರದೈತೇನು?”

“ಇಲ್ಲ ಬೇ.”

“ಮತ್ತ ನಿನಗೇನ್ ಹರದೈತೋ?”

ಒಳಗೆ ಗಿರಿಜಾಳ ನೌಕರಿಯ ಪರೀಕ್ಷೆ ಎಂದು ಪಿಸುಗುಟ್ಟಿದೆ. ಬಜಾರಿ ನೀಲವ್ವಾಯಿ ಡಬ್ಬಿಯನ್ನು ಸದ್ದಾಗದಂತೆ ಇಳಿಸಿ, ಸೆರಗು ಹೊದ್ದು ಕಟ್ಟೆಯ ಮೇಲೆ ಕೂತಳು. ಅವಳ ಹಿಂದೆ ಬಂದವರೂ ಹಾಗೆಯೇ ಕೂತರು. 

ಒಳಗೆ ಇಂಗ್ಲಿಷ್ ನಡೆದಿತ್ತು. ನಡೆಯುತ್ತ ನಡೆಯುತ್ತ ಗಿರಿಜಾಳ ದನಿ ನಿಂತಿತು. ಮೊದಲೆರಡು ಸಲ ಅವಳನ್ನು ಕೆಡವಿದ್ದ ಅದೇ ಮೌನ. ಆಗ ಕೇಳಿಸಿತು, ಗಟ್ಟಿಯಾಗಿ, ಥೇಟ್ ನನ್ನದೇ ರಾಗದಲ್ಲಿ: “ಲಾಭ... ಎರಡು... ಮೂರು...”

“ಹುಡುಗಿ ಅವರಿಗೆ ಜ್ವಾಳ ಮಾರಾಕತ್ತಾಳೇನೋ?” ಎಂದಳು ನೀಲವ್ವಾಯಿ.

ನಾನು ತಲೆಯ ಮೇಲೆ ಕೈ ಹೊತ್ತೆ. ಮುಗೀತು, ನಾನೇ ಇವಳನ್ನು ಕೆಡಿಸಿದೆ ಎಂದುಕೊಂಡೆ. ಒಳಗಿನಿಂದ ಗಂಡಸಿನ ದನಿ ಆ ಮಾತನ್ನು ಸೊಟ್ಟಗೆ ಮರುನುಡಿಯಿತು: “ಲಾಬ್?” ಆಮೇಲೆ ಗಿರಿಜಾ ಏನೋ ಹೇಳಿದಳು. ಆತ ನಕ್ಕ. ಅವಳೂ ನಕ್ಕಳು. ಅಲ್ಲಿಂದಾಚೆ ಅವಳ ಬಾಯಿ ನಿಲ್ಲಲೇ ಇಲ್ಲ.

ಹೊರಗೆ ಬಂದು ವಿವರಿಸಿದಳು. ಸಾಲಾಗಿ ಇಟ್ಟ ಮನೆಗಳಂಥದ್ದೇನೋ ಲೆಕ್ಕವಂತೆ, ಎಣಿಕೆಯಲ್ಲಿ ಎಲ್ಲೋ ಒಂದು ಮನೆ ತಪ್ಪಿತ್ತಂತೆ. ತನಗೇ ಗೊತ್ತಿಲ್ಲದೆ ಬೆರಳು ಮಡಚಿ ನನ್ನ ಹಾಗೆ ಗಟ್ಟಿಯಾಗಿ ಎಣಿಸಿದಳಂತೆ, ತಪ್ಪೂ ಸಿಕ್ಕಿತಂತೆ. ಆತ ಆ ಮಾತಿನ ಅರ್ಥ ಕೇಳಿದನಂತೆ.

“ನಮ್ಮೂರಾಗ ಮೊದಲನೇದಕ್ಕ ಒಂದು ಅನ್ನಂಗಿಲ್ಲರಿ ಅಂದೆ. ಕಂಪ್ಯೂಟರಿನ್ಯಾಗೂ ಅನ್ನಂಗಿಲ್ಲಲ್ಲ ಅಂದ್ರು ಮಾಮಾ. ಅಲ್ಲಿ ಮೊದಲನೇದಕ್ಕ ಸೊನ್ನಿ.”

“ಸೊನ್ನಿ? ಮೊದಲನೇ ಮನಿಗೆ ಸೊನ್ನಿನಾ?”

“ಹೂಂ. ನಿಮ್ಮ ಮಾತ ಚಲೋ ಐತಿ ಅಂದ್ರು.”

ಅವಳ ಲೆಕ್ಕ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಎರಿ ಮಣ್ಣು ಮೆಟ್ಟದವರು ಕಟ್ಟಿದ ಯಂತ್ರವೂ ಮೊದಲನೆಯದಕ್ಕೆ ಒಂದು ಅನ್ನಲು ಒಲ್ಲೆ ಅನ್ನುತ್ತದೆಂದು ಕೇಳಿ ನನ್ನ ಮೈ ಜುಂ ಎಂದಿತ್ತು.

ನೌಕರಿ ಸಿಕ್ಕಿತು. ಹುಬ್ಬಳ್ಳಿಯಲ್ಲೇ ಆಫೀಸು. ಇವತ್ತು ಬೆಳಿಗ್ಗೆ ಅವಳದೇ ಫೋನು. “ಮಾಮಾ, ಇವತ್ತ ಇಂಟರ್‌ವ್ಯೂದಾಗ ಪ್ರಶ್ನಿ ಕೇಳಾಕ ಕುಂದ್ರಾಕಿ ನಾನ. ಮೊದಲನೇ ಸಲ.”

“ಪಾಪ, ಹೆದರಸಬ್ಯಾಡಲೇ.”

“ಇಲ್ಲ ಮಾಮಾ. ಬಂದವರು ಸುಮ್ನ ಕುಂತ್ರ, ನಿಮ್ಮ ಮಾತಿನ್ಯಾಗ ಎಣಸ್ರಿ ಅಂತೀನಿ.”

ಅದಕ್ಕೇ ಸೇರು ಹಿಡಿದು ನಿಂತದ್ದು ನಾನು.

“ಎಷ್ಟೊತ್ತು ನಿಂದ್ರತಿಯೋ? ಎಣಸು,” ಎಂದಳು ನೀಲವ್ವಾಯಿ.

ತಡೆಯಲಾಗಲಿಲ್ಲ. “ಸೊನ್ನಿ,” ಎಂದೆ.

“ನನ್ನ ಜ್ವಾಳಕ್ಕ ಸೊನ್ನಿ ಅಂತೀಯೇನೋ, ಬಾಡ್ಯಾ? ಬಾಯಿ ತೊಳಕೊಂಡು ಬಾ!”

ಸೇರನ್ನು ರಾಶಿಗೆ ಮರಳಿ ಸುರಿದೆ. ಹೊಸದಾಗಿ, ಅಂಚು ತುಳುಕುವಷ್ಟು ತುಂಬಿದೆ. ಹುಬ್ಬಳ್ಳಿಯಲ್ಲಿ ಅವಳೆದುರು ಬಾಯಿ ಕಟ್ಟಿ ಕೂತಿರಬಹುದಾದ ಯಾರದೋ ಮಗುವಿಗೂ ಕೇಳಿಸಲಿ ಎಂಬಂತೆ ಕೂಗಿದೆ:

“ಲಾಭ!”