ಕೂತುಬಿಟ್ಟ ಗಾಡಿ

ಮೊಣಕಾಲಿನ ಆಪರೇಷನ್ ಆಗಿದ್ದ ಸೋದರತ್ತೆಯನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಚಿಂತಾಮಣಿಯ ಮನೆಗೆ ಕರೆದೊಯ್ಯುತ್ತಿದ್ದೆ. ನನ್ನ ಹಳೇ ಎಸ್‌ಯುವಿ ಎಷ್ಟು ಎತ್ತರವೆಂದರೆ ಅವರನ್ನು ಹತ್ತಿಸಲು ಇಬ್ಬರು ಬೇಕಾಗಿತ್ತು. ಗಾಡಿಯನ್ನು ಎತ್ತಿ ಹಿಡಿಯುವ ಅದರ ಸಸ್ಪೆನ್ಷನ್ನು ಎಣ್ಣೆಯ ಒತ್ತಡದ ಮೇಲೆ ನಿಲ್ಲುವಂಥದ್ದು. ಶಿಡ್ಲಘಟ್ಟ ದಾಟುತ್ತಿದ್ದಂತೆ ಗಾಡಿ ನಿಧಾನವಾಗಿ ಕುಸಿಯತೊಡಗಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಹತ್ತಿರ ಎಣ್ಣೆ ಸೋರುತ್ತಿತ್ತು.

ಎದುರಿಗೇ ಒಂದು ಗ್ಯಾರೇಜಿತ್ತು. ಮೆಕ್ಯಾನಿಕ್ ಬಗ್ಗಿಯೂ ನೋಡದೆ, "ಏಂ ಕಾದು ಸಾರ್, ಏನೂ ಆಗಿಲ್ಲ, ಎಸಿ ನೀರು," ಅಂದ.

"ನೀರು ಹಿಂಗೆ ಜಿಡ್ಡಾಗಿರುತ್ತೇನಪ್ಪಾ?" ಅಂತ ಬೆರಳು ಮುಂದೆ ಹಿಡಿದೆ.

ಮೂಸಿ ನೋಡಿದ. "ಎಣ್ಣೆನೇ. ಇಂಜಿನ್ ಆಯಿಲ್ ಹಾಕ್ತೀನಿ ಬಿಡಿ, ಎದ್ದು ನಿಲ್ತದೆ."

"ಅದು ಹಾಕಿದ್ರೆ ಒಳಗಿನ ರಬ್ಬರ್ ಸೀಲೆಲ್ಲ ಹಾಳಾಗ್ತವೆ. ಇದಕ್ಕೆ ಬೇರೆ ಎಣ್ಣೆ ಬೇಕು."

"ಎಲ್ಲಾ ಎಣ್ಣೆನೇ ಅಲ್ವಾ ಸಾರ್?"

ತಲೆ ಚಚ್ಚಿಕೊಳ್ಳುವಂತಾಯಿತು. ಗಾಡಿಯೊಳಗಿಂದ ಅತ್ತೆ, "ಏನೋ ಒಂದು ಹಾಕಿಸೋ, ಹೋಗಣ!" ಅಂತ ಕೂಗುತ್ತಿದ್ದರು. ಏನೂ ಹಾಕಿಸದೆ ಹೊರಟೆ. ಆಮೇಲೆ ಎತ್ತಿನ ಗಾಡಿಯ ವೇಗ. ಪ್ರತಿ ರೋಡ್ ಹಂಪ್‌ಗೂ ಅತ್ತೆ ಕಾಲು ಹಿಡಿದುಕೊಂಡು ನರಳುವರು, ನಾನು ಗಾಡಿಯನ್ನೂ ರಸ್ತೆಯನ್ನೂ ಒಟ್ಟಿಗೆ ಬೈಯುವೆ.

ಮನೆ ತಲುಪುವಷ್ಟರಲ್ಲಿ ಗಾಡಿ ಪೂರ್ತಿ ನೆಲ ಹಿಡಿದಿತ್ತು. ಅತ್ತೆಯನ್ನು ಇಳಿಸಲು ಯಾರನ್ನಾದರೂ ಕರೆಯೋಣವೆಂದು ಒಳಗೆ ಓಡಿದೆ. ಹೊರಗೆ ಬಂದು ನೋಡಿದರೆ ಅವರು ವಾಕರ್ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ!

"ಎಷ್ಟು ಸಲೀಸಾಗಿ ಇಳಿದೆ ನೋಡೋ! ನನ್ನ ಕಾಲು ಸರಿಹೋಗೋ ತನಕ ಇದನ್ನ ರಿಪೇರಿ ಮಾಡಿಸ್ಬೇಡ ಕಣೋ," ಅಂದರು.

ಆ ಗಾಡಿಯನ್ನು ನಮ್ಮ ಮನೆಯವರು ಹೊಗಳಿದ್ದು ಅದೇ ಮೊದಲು. ಅದೂ ಕೆಟ್ಟು ಕೂತಿದ್ದಕ್ಕೆ.