ಬಣ್ಣ ಬಿಡುತ್ತದೆ ಎಂದದ್ದಕ್ಕೆ

“ನಾಳಿಂದ ಮಗ್ಗಕ್ಕ ಬರಬ್ಯಾಡ, ನಡಿಯಲೇ!” ಇಳಕಲ್ಲಿನ ಸೀರೆ ಸಾವಕಾರರು ನನ್ನೆದುರೇ ನೇಕಾರ ಹುಸೇನಸಾಬರನ್ನು ಗದರಿದರು. ಸೀರೆ ಕೊಳ್ಳಲು ಹೋಗಿದ್ದ ನಾನು, ಈ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಕೇಳಿದ್ದೆ; ಆ ನೇಕಾರರು ಹೌದೆಂದಿದ್ದರು, ಅಷ್ಟೆ.

“ಅವ್ವಾರು ಕೇಳಿದ್ರು, ಖರೆ ಹೇಳಿದೆ. ತಪ್ಪೇನ್ರಿ?” ಎಂದರು ಹುಸೇನಸಾಬರು. ಅವರ ಉಗುರಿನ ಸಂದಿಯಲ್ಲೂ ಅದೇ ಕೆಂಪು.

ಒಳಗೆ ಅವರ ಮಗ್ಗದಲ್ಲಿ, ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸ ಅರ್ಧಕ್ಕೇ ನಿಂತಿತ್ತು. ಮುಗಿಸೆಂದು ಸಾವಕಾರರು ಪಕ್ಕದ ಮಗ್ಗದವನನ್ನು ಕರೆದರು. “ಅವರು ಹಾಕಿದ ಕೊಂಡಿಗೆ ನಾ ಕೈ ಹಚ್ಚಂಗಿಲ್ರಿ” ಎಂದು ಆತ ಕುಳಿತಲ್ಲಿಂದ ಏಳಲಿಲ್ಲ.

ಸಾವಕಾರರು ನಗುತ್ತ ನನ್ನೆಡೆಗೆ ಎಲೆಅಡಿಕೆ ತಟ್ಟೆ ಸರಿಸಿದರು. ಕೇಳಿದವಳಿಗೆ ತಾಂಬೂಲ, ಹೇಳಿದವರಿಗೆ ಬಾಗಿಲು! ತಟ್ಟೆ ಮುಟ್ಟದೆ, ಸೀರೆ ಕೊಳ್ಳದೆ ಎದ್ದು ಬಂದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.